ಸಣ್ಣ ಜಾಗಕ್ಕೆ ಯಾವ ಹೆಬ್ಬಾವು?

ಪ್ರಶ್ನೆ: ನನ್ನ ಹತ್ತಿರ ಇರುವುದು ಒಂದು ಸಣ್ಣ ಕೋಣೆ. ಅದರಲ್ಲಿ ಒಂದು ಗೋಡೆಯನ್ನು ಮಾತ್ರ ಹಾವುಗಳಿಗೆ ಬಿಡಬಹುದು. ಕಾರ್ನ್ ಸ್ನೇಕ್ ಒಂದನ್ನು ನಾಲ್ಕು ವರ್ಷದಿಂದ ಸಾಕುತ್ತಿದ್ದೇನೆ. ಈಗ ಒಂದು ಜೋಡಿ ಹೆಬ್ಬಾವು ಸಾಕಿ ಮರಿ ಮಾಡಿಸುವ ಆಸೆ. ಪಿಗ್ಮಿ ಪೈಥಾನ್ ಎಲ್ಲಕ್ಕಿಂತ ಚಿಕ್ಕದು ಅಂತ ಓದಿದೆ. ಅದನ್ನೇ ತರಲಾ?

ಉತ್ತರ: ಮೊದಲ ಜೋಡಿಗೆ ಅದು ಬೇಡ. ನೀವು ಓದಿದ್ದು ಸರಿಯೇ. ಆಸ್ಟ್ರೇಲಿಯಾದ ಈ ಹಾವು ಹೆಬ್ಬಾವುಗಳಲ್ಲೇ ಅತಿ ಚಿಕ್ಕದು, ಬೆಳೆದರೂ ಸುಮಾರು 50–60 ಸೆಂ.ಮೀ. ಆದರೆ ಮರಿ ಮಾಡಿಸಲು ಹೊರಟ ಮೇಲೆ ಜಾಸ್ತಿ ಜಾಗ ಬೇಕಾಗುವುದು ದೊಡ್ಡ ಹಾವಿಗಲ್ಲ, ಮರಿಗಳಿಗೆ. ಒಂದೊಂದು ಮರಿಗೂ ಬೇರೆ ಡಬ್ಬಿ, ನೀರಿನ ಬಟ್ಟಲು, ಅಡಗಲು ಮೂಲೆ ಬೇಕು. ಅದು ತಾನಾಗಿ ನಾಲ್ಕೈದು ಸಲ ತಿನ್ನುವ ತನಕ ಯಾರಿಗೂ ಕೊಡಬಾರದು. ಪಿಗ್ಮಿಯ ಕಷ್ಟ ಇಲ್ಲೇ. ಅದರ ಮರಿಗೆ ಹಲ್ಲಿಯಂಥವು ಇಷ್ಟ, ಇಲಿ ಬೇಡ. ಆಗ ತಾನೇ ಹುಟ್ಟಿದ ಚಿಟ್ಟಿಲಿ ಮರಿಯೂ ಅದರ ಬಾಯಿಗೆ ದೊಡ್ಡದೇ. ವಾರಗಟ್ಟಲೆ ಏನೂ ಮುಟ್ಟದ ಮರಿಯನ್ನು ನೋಡುತ್ತಾ ಕೂರುವುದು ಬಹಳ ಸಂಕಟ.

ನಾನು ಹೇಳುವುದು ಅದರ ಹತ್ತಿರದ ನೆಂಟ ಸ್ಪಾಟೆಡ್ ಪೈಥಾನ್. ಉದ್ದ ಸುಮಾರು ಒಂದು ಮೀಟರ್, ಗಟ್ಟಿ ಜೀವ, ಇಲಿ ಕಂಡರೆ ಬಿಡುವುದಿಲ್ಲ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಪೆಟ್ಟಿಗೆ ಒಂದಕ್ಕೆ ಸಾಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ತಿನ್ನುವ ಆತುರದಲ್ಲಿ ಒಂದು ಇನ್ನೊಂದನ್ನೇ ಕಚ್ಚಿ ಹಿಡಿಯಬಹುದು.

ಚಿಲ್ಡ್ರನ್ಸ್ ಪೈಥಾನ್ ಕೂಡ ಆಗುತ್ತೆ. ಹೆಸರು ನೋಡಿ ಮಕ್ಕಳ ಹಾವು ಅಂದುಕೊಳ್ಳುವವರಿದ್ದಾರೆ. ಅದು ಬ್ರಿಟಿಷ್ ಮ್ಯೂಸಿಯಂನ ಜಾನ್ ಜಾರ್ಜ್ ಚಿಲ್ಡ್ರನ್ ಗೌರವಕ್ಕೆ 1842ರಲ್ಲಿ ಇಟ್ಟ ಹೆಸರು. ಬಾಲ್ ಪೈಥಾನ್ ಸಾಧು, ಮೊಟ್ಟೆಯೂ ಕಡಿಮೆ. ಆದರೆ ಮೈ ದಪ್ಪ, ಪೆಟ್ಟಿಗೆ ದೊಡ್ಡದೇ ಬೇಕು. ಕೆಲವು ತಿಂಗಳುಗಟ್ಟಲೆ ಊಟ ಬಿಡುತ್ತವೆ. ಅದರಲ್ಲೂ ‘ಸ್ಪೈಡರ್’ ಬಣ್ಣದವುಗಳಿಗೆ ಹುಟ್ಟಿನಿಂದಲೇ ತಲೆ ನಡುಗುವ ತೊಂದರೆ ಇರುತ್ತದೆ. ಆ ಬಣ್ಣವನ್ನು ಮರಿ ಮಾಡಿಸಲೇಬೇಡಿ.

ಈಗ ನಿಮ್ಮ ಗೋಡೆ ಅಳೆಯೋಣ. ದೊಡ್ಡ ಪೆಟ್ಟಿಗೆ ಎರಡು. ಮೊಟ್ಟೆ ಕಾವಿಗೆ ಒಂದು ಸಣ್ಣ ಪೆಟ್ಟಿಗೆ. ಸ್ಪಾಟೆಡ್ ಪೈಥಾನ್ ಒಂದು ಸಲಕ್ಕೆ ಹತ್ತರ ಆಸುಪಾಸು ಮೊಟ್ಟೆ ಇಡುತ್ತದೆ, ಹಾಗಾಗಿ ಮರಿಗಳಿಗೆ ಹನ್ನೆರಡು ಡಬ್ಬಿ ಹಿಡಿಸುವ ಅಟ್ಟಣೆ. ಡಬ್ಬಿಗಳನ್ನು ಮೊದಲೇ ತಂದು ಜೋಡಿಸಿ ನೋಡಿ. ಹಿಡಿಸದಿದ್ದರೆ ಜೋಡಿ ಸೇರಿಸುವುದನ್ನು ಮುಂದಿನ ವರ್ಷಕ್ಕೆ ಬಿಡಿ. ಕಾರ್ನ್ ಸ್ನೇಕ್ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಸ ಹಾವುಗಳನ್ನು ಮೊದಲ ಎರಡು ಮೂರು ತಿಂಗಳು ಅದರಿಂದ ದೂರ, ಬೇರೆ ಕೋಣೆಯಲ್ಲಿಡಿ.

ಮೊಟ್ಟೆಗಳು ಬಿಳಿ, ತೊಗಲಿನ ಹಾಗೆ ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸಲು ಹೋಗಬೇಡಿ. ಮೇಲ್ಭಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಅದೇ ಮಗ್ಗುಲಲ್ಲೇ ಇಡಿ. ತಿರುಗಿಸಿದರೆ ಒಳಗಿನ ಜೀವಕ್ಕೆ ಅಪಾಯ. 30–31 ಡಿಗ್ರಿ ಕಾವಿನಲ್ಲಿ ಎರಡು ತಿಂಗಳ ಒಳಗೆ ಸಾಮಾನ್ಯವಾಗಿ ಒಡೆಯುತ್ತವೆ. ಸಿಪ್ಪೆ ಸೀಳಿ ಮೂತಿ ಹೊರಗಿಟ್ಟ ಮರಿ ಕೆಲವೊಮ್ಮೆ ಇಡೀ ದಿನ ಹಾಗೇ ಕೂತಿರುತ್ತದೆ. ಆಗ ಎಳೆಯಬೇಡಿ. ಹಳದಿಯ ಸಾರ ಇನ್ನೂ ಹೊಟ್ಟೆಗೆ ಹೋಗುತ್ತಿರುತ್ತದೆ.

ಮೊದಲ ಪೊರೆ ಬಿಟ್ಟ ಮೇಲೆ ಊಟ ಕೊಟ್ಟು ನೋಡಿ. ಮುಟ್ಟದ ಮರಿಗೆ ಚಿಟ್ಟಿಲಿ ಮರಿಯ ಮೇಲೆ ಹಲ್ಲಿಯ ವಾಸನೆ ಸವರಿ, ಸಣ್ಣ ಕತ್ತಲೆ ಡಬ್ಬಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಎಷ್ಟೋ ಸಲ ಬೆಳಗ್ಗೆ ಡಬ್ಬಿ ಖಾಲಿ ಇರುತ್ತದೆ. ಆ ಖುಷಿಯೇ ಬೇರೆ!

ಹಾವು ತರುವ ಮುನ್ನ ನಿಮ್ಮಲ್ಲಿ ಸಾಕಲು, ಮರಿ ಮಾಡಿಸಲು ಅನುಮತಿ ಬೇಕಾ ಅಂತ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಹೆಬ್ಬಾವುಗಳೆಲ್ಲ ಸೈಟಿಸ್ ಅನ್ನುವ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಪಟ್ಟಿಯಲ್ಲಿವೆ. ದೇಶದಿಂದ ದೇಶಕ್ಕೆ ಸಾಗಿಸಲು ಕಾಗದಪತ್ರ ಬೇಕೇ ಬೇಕು. ಕಾಡಿನಿಂದ ಹಿಡಿದದ್ದನ್ನು ತರಬೇಡಿ. ಸಾಕಿದವರ ಹತ್ತಿರವೇ ತಗೊಳ್ಳಿ, ಅದು ನಿಮ್ಮ ಕಣ್ಣೆದುರೇ ಒಂದು ಇಲಿ ತಿನ್ನುವುದನ್ನು ನೋಡಿ ತಗೊಳ್ಳಿ.