2019-20ರ ಸ್ವಿಸ್ ಪ್ರೊಮೋಷನ್ ಲೀಗ್‌ಗೆ ಚಾಂಪಿಯನ್ ಯಾರೂ ಇಲ್ಲವೇಕೆ?

ಕೋವಿಡ್ ಕಾರಣ. ಸ್ವಿಟ್ಜರ್ಲೆಂಡಿನ ಫುಟ್‌ಬಾಲ್‌ನಲ್ಲಿ ಈ ಲೀಗ್ ಮೂರನೇ ಹಂತ. ಮೇಲೆ ಸೂಪರ್ ಲೀಗ್, ಚಾಲೆಂಜ್ ಲೀಗ್ ಇವೆ. 2020ರ ಏಪ್ರಿಲ್ ಕೊನೆಯಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಮೂರನೇ ಹಂತ ಮತ್ತು ಅದರ ಕೆಳಗಿನ ಎಲ್ಲ ಲೀಗ್‌ಗಳನ್ನೂ ಅರ್ಧಕ್ಕೇ ಕೈಬಿಟ್ಟಿತು. ಮೇಲಿನ ಲೀಗ್‌ಗೆ ಬಡ್ತಿಯೂ ಇಲ್ಲ, ಕೆಳಗಿನದಕ್ಕೆ ಹಿಂಬಡ್ತಿಯೂ ಇಲ್ಲ. ಮೇಲಿನೆರಡು ಲೀಗ್‌ಗಳು ಮಾತ್ರ ಬೇಸಿಗೆಯಲ್ಲಿ ಉಳಿದ ಪಂದ್ಯಗಳನ್ನು ಆಡಿ ಮುಗಿಸಿದವು.

ಹೆಚ್ಚು ಪೆಟ್ಟು ಬಿದ್ದದ್ದು ನ್ಯೂಷಾಟೆಲ್ ಸರೋವರದ ದಡದ ಇವರ್ಡನ್ ತಂಡಕ್ಕೆ. ಅಂಕಪಟ್ಟಿಯ ತುದಿಯಲ್ಲಿದ್ದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಪ್ರಕಾರ ಇದು ಅನಿವಾರ್ಯವಾಗಿತ್ತು, ಆದರೆ ನ್ಯಾಯವಾಗಿರಲಿಲ್ಲ. ಛಲ ಬಿಡದ ಇವರ್ಡನ್ ಮರುವರ್ಷವೇ ಬಡ್ತಿ ಪಡೆದು, 2023ರಲ್ಲಿ ಸೂಪರ್ ಲೀಗ್‌ಗೂ ಏರಿತು.