ಚುಕ್ಕೆ ಬಿಟ್ಟರೆ ಕಾಳು ಕಾಲಾಗುತ್ತೆ

ಓದುಗರೊಬ್ಬರು ಬರೆದಿದ್ದಾರೆ: "ಊರಿನ ಗ್ರಂಥಾಲಯದ ಹಳೆ ಕನ್ನಡ ಪುಸ್ತಕಗಳ ಪಟ್ಟಿಯನ್ನು ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡುತ್ತಿದ್ದೇನೆ. ವಿಂಡೋಸ್‌ನಲ್ಲಿ ಆಲ್ಟ್ ಜೊತೆ ನಂಬರ್ ಒತ್ತಿದರೆ ಕೆಲವು ವಿಶೇಷ ಅಕ್ಷರ ಬರುತ್ತಿದ್ದವು. ಉಬುಂಟುವಿನಲ್ಲಿ ಅದು ನಡೆಯೋದಿಲ್ಲ. ಬೇರೆ ಫೈಲಿನಿಂದ ಕಾಪಿ ಮಾಡಿ ಅಂಟಿಸುತ್ತೇನೆ. ಗೆರೆ, ಚುಕ್ಕೆ ಬಿಟ್ಟೇ ಬರೆದರೆ ಏನು ಗಂಟು ಹೋಗುತ್ತೆ?"

ಒಂದೆರಡು ಅಕ್ಷರಕ್ಕೆ ಅಂಟಿಸೋದು ಸರಿ, ಒಪ್ಪುತ್ತೇನೆ. ಆದರೆ ನಿಮ್ಮದು ಇಡೀ ಗ್ರಂಥಾಲಯದ ಪಟ್ಟಿ. ಇಂಗ್ಲಿಷ್ ಲಿಪಿಯಲ್ಲಿ 'ಳ' ಅಂದರೆ ಕೆಳಗೆ ಚುಕ್ಕೆ ಇಟ್ಟ 'ಎಲ್'. ಆ ಚುಕ್ಕೆ ಇಲ್ಲದಿದ್ದರೆ ಕಾಳು, ಕಾಲು ಎರಡೂ ಒಂದೇ. ನಾಳೆ ಬೇಸಾಯದ ಪುಸ್ತಕ ಹುಡುಕುವವರಿಗೆ ಯಾವುದು ಸಿಗಬೇಕು, ಹೇಳಿ? ಇಷ್ಟು ಒಳ್ಳೆ ಕೆಲಸ ಕೈಗೆತ್ತಿಕೊಂಡವರು ಚುಕ್ಕೆಗೆ ಬೇಜಾರು ಮಾಡಿಕೊಳ್ಳಬಾರದು.

ನಿಮ್ಮ ಉಬುಂಟು ಲಿನಕ್ಸ್‌ನ ಒಂದು ರೂಪ. ಲಿನಕ್ಸ್‌ನಲ್ಲಿ ಇದಕ್ಕೆ ನಂಬರ್ ಬಾಯಿಪಾಠ ಬೇಕಿಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ 'ಕಂಪೋಸ್ ಕೀ' ಅಂತ ಇದೆ. ಕ್ಯಾಪ್ಸ್ ಲಾಕನ್ನು ಅದಕ್ಕೆ ಕೊಡಿ. ಅದನ್ನು ಒತ್ತಿ ಬಿಡಿ, ಆಶ್ಚರ್ಯಸೂಚಕ ಒತ್ತಿ, ಆಮೇಲೆ 'ಎಲ್' ಒತ್ತಿ. ಚುಕ್ಕೆ ಕೆಳಗೆ ಬಂದು ಕೂರುತ್ತೆ. 'ಡಿ', 'ಟಿ', 'ಎನ್' ಅಕ್ಷರಗಳಿಗೂ ಹೀಗೇ. ದೀರ್ಘಾಕ್ಷರದ ಮೇಲಿನ ಗೆರೆಗೆ ಕಂಪೋಸ್, ಅಂಡರ್‌ಸ್ಕೋರ್, ಸ್ವರ. ಫ್ರೆಂಚ್ ಹೆಸರಿನ 'ಇ' ಮೇಲಿನ ಓರೆಗೆರೆಗೆ ಕಂಪೋಸ್, ಅಪಾಸ್ಟ್ರಫಿ, 'ಇ'. ಕಣ್ಣಿಗೆ ಕಾಣುವ ಆಕಾರವನ್ನೇ ಕೈ ಜೋಡಿಸುತ್ತೆ, ಅದಕ್ಕೇ ಮರೆಯೋದಿಲ್ಲ. ಬೇಕಾದ ಜೋಡಣೆ ಇಲ್ಲದಿದ್ದರೆ ಹೋಂ ಫೋಲ್ಡರಿನಲ್ಲಿ 'ಡಾಟ್ ಎಕ್ಸ್‌ಕಂಪೋಸ್' (.XCompose) ಫೈಲ್ ಮಾಡಿ ನೀವೇ ಒಂದು ಸಾಲು ಬರೆದುಕೊಳ್ಳಬಹುದು.

ಇದು ಹೊಸ ಕಸರತ್ತೂ ಅಲ್ಲ. 1983ರಲ್ಲಿ ಬಂದ ಡಿಜಿಟಲ್ ಕಂಪನಿಯ ವಿಟಿ220 ಟರ್ಮಿನಲ್‌ನ (ದೊಡ್ಡ ಕಂಪ್ಯೂಟರಿಗೆ ಜೋಡಿಸುವ ಪರದೆ, ಕೀಬೋರ್ಡ್) ಕೀಬೋರ್ಡಿನಲ್ಲೇ ಕಂಪೋಸ್ ಅನ್ನೋ ಕೀ ಇತ್ತು. ಆಗಲೇ ಆ ಎಂಜಿನಿಯರುಗಳು ಇಂಗ್ಲಿಷ್ ಆಚೆಗಿನ ಅಕ್ಷರಗಳಿಗೆ ಒಂದು ಜಾಗ ಬಿಟ್ಟಿದ್ದರು. ನಮ್ಮಲ್ಲಿ ಮಾರುವ ಕೀಬೋರ್ಡಿನಲ್ಲಿ ಆ ಜಾಗ ಎಲ್ಲಿದೆ?

ರೂಪಾಯಿ ಚಿಹ್ನೆಯನ್ನೇ ನೋಡಿ. ಉದಯ ಕುಮಾರ್ ಅವರ ವಿನ್ಯಾಸವನ್ನು ಸರ್ಕಾರ ಒಪ್ಪಿದ್ದು 2010ರ ಜುಲೈನಲ್ಲಿ. ಅದೇ ವರ್ಷ ಯೂನಿಕೋಡ್‌ಗೂ, ಅಂದರೆ ಕಂಪ್ಯೂಟರುಗಳು ಬಳಸುವ ಅಕ್ಷರಗಳ ಜಾಗತಿಕ ಪಟ್ಟಿಗೂ, ಸೇರಿತು. ಎಷ್ಟೋ ಕೀಬೋರ್ಡುಗಳಲ್ಲಿ 4ರ ಪಕ್ಕ ₹ ಅಚ್ಚಾಗಿದೆ. ಆದರೆ ಕಂಪ್ಯೂಟರಿನಲ್ಲಿ ಅಮೆರಿಕದ ಕೀಬೋರ್ಡ್ ವಿನ್ಯಾಸ ಇದ್ದರೆ ಆ ಕೀ ಒತ್ತಿದರೆ ಅದು ಬರೋದಿಲ್ಲ. 'ಇಂಗ್ಲಿಷ್, ಇಂಡಿಯಾ, ರೂಪಾಯಿ ಸಹಿತ' ವಿನ್ಯಾಸ ಆರಿಸಿ ಬಲಗಡೆ ಆಲ್ಟ್ ಜೊತೆ 4 ಒತ್ತಿದರೆ ಬಂತು. ಅಂಗಡಿಯವರು ಇದನ್ನು ಹೇಳೋದಿಲ್ಲ, ತರಗತಿಯಲ್ಲಿ ಕಲಿಸೋದೂ ಇಲ್ಲ. ಕನ್ನಡಕ್ಕೂ ಅದೇ ಗತಿ. ಕನ್ನಡ ಟೈಪಿಂಗಿನ ಕಗಪ ಕೀಬೋರ್ಡ್ ವಿನ್ಯಾಸ ಲಿನಕ್ಸ್‌ನ ಪಟ್ಟಿಯಲ್ಲೇ ಇರುವಾಗ, ಮಕ್ಕಳಿಗೆ ಇನ್ನೂ ಇಂಗ್ಲಿಷ್ ಕೀಗಳನ್ನಷ್ಟೇ ತೋರಿಸಿ ಟೈಪಿಂಗ್ ಕಲಿಸಿದೆವು ಅನ್ನೋದು ನನಗಂತೂ ಸಹಿಸೋಕಾಗಲ್ಲ.

– ಸಂಪಾದಕ