13ರ ಹುಡುಗನ ಮಂಡಿ ಕೆಳಗೆ ಗಂಟು: ಕಬಡ್ಡಿ ಟ್ರೈನಿಂಗ್ ನಿಲ್ಲಿಸಬೇಕಾ?

13 ವರ್ಷ, ಈ ವರ್ಷ ಸರ್ರನೆ ಎತ್ತರ, ಚಿಪ್ಪಿನ ಕೆಳಗೆ ಮುಟ್ಟಿದರೆ ನೋಯುವ ಗಂಟು, ಜಂಪ್ ಸ್ಕ್ವಾಟ್ ಮಾಡಿದ ದಿನ ನೋವು ಜಾಸ್ತಿ: ನೀವು ಬರೆದದ್ದು ನೋಡಿದರೆ ಇದು ಬಹುತೇಕ ಆಸ್‌ಗುಡ್-ಶ್ಲಾಟರ್ ಎಂಬ ಮಂಡಿ ತೊಂದರೆ. ತೊಡೆಯ ಮುಂಭಾಗದ ಸ್ನಾಯು ಮಂಡಿ ಕೆಳಗಿನ ಕಾಲ ಮೂಳೆಯ ಬೆಳೆಯುವ ಜಾಗವನ್ನು ಪದೇ ಪದೇ ಜಗ್ಗಿದಾಗ ಬರುವಂಥದ್ದು. ಕೈಯಿಟ್ಟು ನೋಡದೆ ಖಚಿತ ಹೇಳಲಾಗದು, ಒಮ್ಮೆ ಫಿಸಿಯೋಗೆ ತೋರಿಸಿ.

ಟ್ರೈನಿಂಗ್ ಪೂರ್ತಿ ಬಿಡಿಸಬೇಡಿ. ಮೊದಲು ಎರಡು-ಮೂರು ವಾರ ಜಿಗಿತ, ಸ್ಪ್ರಿಂಟ್, ಮಂಡಿ ನೆಲಕ್ಕೆ ತಾಗುವ ಡುಬ್ಕಿ (ಹಿಡಿಯುವವರ ಕೈ ಕೆಳಗೆ ಬಗ್ಗಿ ನುಸುಳುವುದು) ಬಂದ್. ಆ ಹೊತ್ತಿಗೆ ಗೋಡೆಗೊರಗಿ ಅರ್ಧ ಕೂತು 30 ಸೆಕೆಂಡ್ ಹಿಡಿಯಲಿ, ನಾಲ್ಕೈದು ಸಲ. ನೋವಾದರೆ ಇನ್ನಷ್ಟು ಮೇಲೆ ಕೂರಲಿ. ಜೊತೆಗೆ ಗ್ಲೂಟ್ ಬ್ರಿಡ್ಜ್ (ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದು), ಪುಶ್‌ಅಪ್. ಅಳತೆಗೋಲು ಇಷ್ಟೇ: ನೋವು ಹತ್ತಕ್ಕೆ ಮೂರು ದಾಟಬಾರದು, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಆಮೇಲೆ ಕುರ್ಚಿ ಮುಟ್ಟಿ ಏಳುವ ನಿಧಾನ ಸ್ಕ್ವಾಟ್, ನಂತರ ಹಗುರ ತೂಕ. ಜಿಗಿತ ಎಲ್ಲಕ್ಕಿಂತ ಕೊನೆಗೆ, ವಾರಕ್ಕೆ ಎರಡೇ ದಿನ. (ತೂಕ ಎತ್ತಿದರೆ ಕುಳ್ಳಾಗ್ತಾನೆ ಅನ್ನುವುದು ಬರೀ ಮಾತು. ಕೋಚ್ ಕಣ್ಣೆದುರು ಮಾಡಿದರೆ ಸಾಕು.)

ಬೆಳವಣಿಗೆ ನಿಂತ ಮೇಲೆ ನೋವು ಸಾಮಾನ್ಯವಾಗಿ ಹೋಗುತ್ತದೆ, ಗಂಟು ಉಳಿಯಬಹುದು. ರಾತ್ರಿ ನಿದ್ದೆಗೆಡಿಸುವ ನೋವು, ಜ್ವರ, ತೊಡೆಸಂದಿ ನೋವಿನ ಜೊತೆ ಕುಂಟು, ಅಥವಾ ಜಿಗಿದಾಗ ಟಕ್ಕೆಂದು ಸದ್ದಾಗಿ ಕಾಲು ನೇರ ಮಾಡಲಾಗದಿದ್ದರೆ ಅದೇ ದಿನ ಮೂಳೆ ಡಾಕ್ಟರ ಬಳಿ ಹೋಗಿ.